ಮೊಜಾರ್ಟನ ಡಿ ಮೈನರ್ ಕನ್ಚೆರ್ಟೊಗೆ ಅಷ್ಟು ದೊಡ್ಡ ವಾದ್ಯವೃಂದ ಬೇಡ

ಮೊಜಾರ್ಟನ 20ನೇ ಪಿಯಾನೋ ಕನ್ಚೆರ್ಟೊ (ಒಂದು ಪಿಯಾನೋ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ), ಅಂದರೆ ಡಿ ಮೈನರ್, ಅವನ ಕೃತಿಗಳ ಪಟ್ಟಿಯಲ್ಲಿ ಕೆ. 466, ನುಡಿಸುವಾಗ ವೇದಿಕೆ ಮೇಲೆ ಮೊದಲ ಪಿಟೀಲಿನವರೇ 14 ಜನ ಕೂತಿದ್ದರೆ ಅರ್ಧ ಸಂಗೀತ ಅಲ್ಲೇ ಮುಳುಗಿಹೋಗುತ್ತದೆ. ಮೊದಲ ಪಿಟೀಲು 8, ಎರಡನೆಯದು 6, ವಿಯೋಲ 4, ಚೆಲ್ಲೋ 4, ಡಬಲ್ ಬಾಸ್ 2. ಇಷ್ಟು ಧಾರಾಳವಾಗಿ ಸಾಕು. ಯಾಕೆಂದರೆ ಎದುರಿಗಿರುವ ಗಾಳಿವಾದ್ಯಗಳು ಒಂದು ಫ್ಲೂಟ್, ಎರಡೆರಡು ಓಬೋ, ಬಸೂನ್, ಹಾರ್ನ್, ಟ್ರಂಪೆಟ್ ಮಾತ್ರ. ತಂತಿವಾದ್ಯ ಹೆಚ್ಚಿಸಿದರೂ ಇವು ಹೆಚ್ಚುವುದಿಲ್ಲ. ಕಚೇರಿ ಕೇಳಿ ಬೆಳೆದ ನಮಗೆ ಇವೆಲ್ಲ ಪಕ್ಕವಾದ್ಯದ ಹಾಗೆ ಕಾಣಬಹುದು. ಆದರೆ ಇಲ್ಲಿ ಓಬೋ, ಬಸೂನುಗಳು ಪಿಯಾನೋ ಜೊತೆ ಸರಿಸಮವಾಗಿ ಮಾತಿಗಿಳಿಯುತ್ತವೆ. ಆ ಮಾತು ಕೇಳಿಸದಿದ್ದರೆ ಉಳಿಯುವುದು ಬರೀ ಬೆರಳಿನ ಚಳಕ.

ಇದರ ಮೊದಲ ಪ್ರದರ್ಶನ 1785ರ ಫೆಬ್ರವರಿ 11ರಂದು, ವಿಯೆನ್ನಾದ ಮೇಲ್‌ಗ್ರೂಬೆ ಸಭಾಂಗಣದಲ್ಲಿ. ಅದೇ ದಿನ ಊರಿಗೆ ಬಂದಿಳಿದ ಅಪ್ಪ ಲಿಯೋಪೋಲ್ಡ್ ಮಗಳಿಗೆ ಬರೆದ ಪತ್ರದಲ್ಲಿ ಒಂದು ಸಂಗತಿ ಇದೆ: ತಾನು ತಲುಪಿದಾಗ ನಕಲುಗಾರ ಇನ್ನೂ ಪಾರ್ಟುಗಳನ್ನು, ಅಂದರೆ ಒಂದೊಂದು ವಾದ್ಯದ ಸ್ವರಹಾಳೆಗಳನ್ನು, ಬರೆಯುತ್ತಲೇ ಇದ್ದ, ಅದರ ಮೇಲ್ವಿಚಾರಣೆಯಲ್ಲಿ ಮಗನಿಗೆ ಕೊನೆಯ ಭಾಗವಾದ ರೊಂಡೊವನ್ನು ಒಮ್ಮೆ ನುಡಿಸಿ ನೋಡಲೂ ಪುರುಸೊತ್ತಾಗಿರಲಿಲ್ಲ.

ಪಿಯಾನೋ ಕೂಡ ಬೇರೆಯೇ. ಮೊಜಾರ್ಟನ ಬಳಿ ಇದ್ದದ್ದು ಆಂಟನ್ ವಾಲ್ಟರ್ ಮಾಡಿದ ವಾದ್ಯ: ಐದು ಆಕ್ಟೇವ್ (ಸ್ಥಾಯಿ), ಮರದ ಚೌಕಟ್ಟು, ಚರ್ಮ ಹೊದಿಸಿದ ಪುಟ್ಟ ಸುತ್ತಿಗೆಗಳು. ಸ್ವರ ಚಟ್ಟನೆ ಹುಟ್ಟಿ ಬೇಗ ಕರಗುತ್ತದೆ. ಇವತ್ತಿನ ಕನ್ಸರ್ಟ್ ಗ್ರ್ಯಾಂಡ್‌ಗೆ 88 ಮನೆಗಳು, ಕಬ್ಬಿಣದ ಚೌಕಟ್ಟು, ಹತ್ತಿರ ಹತ್ತಿರ 500 ಕೆಜಿ ತೂಕ. ಕೆಳಸ್ಥಾಯಿಯಲ್ಲಿ ಎಡಗೈ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಮಂಕಾಗುತ್ತವೆ. ಹಾಗಾಗಿ ಪೆಡಲ್ ಪೂರ್ತಿ ಒತ್ತದೆ ಅರ್ಧಕ್ಕೇ ಬಿಡಬೇಕು, ಎಡಗೈ ಹಗುರಾಗಿರಬೇಕು. ಕಂಡಕ್ಟರ್ ಇಲ್ಲದೆ ಪಿಯಾನೋ ವಾದಕರೇ ವೃಂದವನ್ನು ನಡೆಸುವುದಾದರೆ ಪಿಯಾನೋ ಬಾಲವನ್ನು ವೃಂದದ ಒಳಗೆ ತಿರುಗಿಸಿ ಮುಚ್ಚಳ ತೆಗೆದಿಡುತ್ತಾರೆ. ಕಣ್ಣಿಗೆ ಕಣ್ಣು ಸಿಗುತ್ತದೆ ನಿಜ, ಆದರೆ ನಾದ ಮೇಲಕ್ಕೆ ಹೋಗಿ ಮುಂದಿನ ಸಾಲುಗಳಿಗೆ ಮಸುಕಾಗುತ್ತದೆ. ಈ ಏರ್ಪಾಡಿದ್ದರೆ ಬಾಲ್ಕನಿ ಟಿಕೆಟ್ ತೆಗೆದುಕೊಳ್ಳಿ.

ಇನ್ನು ಆರಂಭ. ನನಗೆ ಇಡೀ ಕೃತಿಯಲ್ಲಿ ಅತಿ ಕಷ್ಟದ ಜಾಗ ಇದೇ. ಪಿಟೀಲು, ವಿಯೋಲಗಳು ಮೆಲ್ಲಗೆ, ಪೆಟ್ಟು ಬಿಟ್ಟು ಪೆಟ್ಟಿನ ನಡುವೆ ನುಡಿಸುತ್ತಿರುತ್ತವೆ; ಕೆಳಗೆ ಚೆಲ್ಲೋ, ಬಾಸ್‌ಗಳದ್ದು ಮೂರು ಸಣ್ಣ ಸ್ವರಗಳ ಒಂದು ಗುರುಗುಟ್ಟುವಿಕೆ, ಪೆಟ್ಟಿಗೆ ಬಂದು ನಿಲ್ಲುವಂಥದ್ದು. ಮೇಲಿನವರು ಪ್ರತಿ ಸ್ವರಕ್ಕೂ ಒತ್ತು ಕೊಟ್ಟರೆ ಕಿವಿ ಅದನ್ನೇ ಪೆಟ್ಟು ಎಂದು ನಂಬಿಬಿಡುತ್ತದೆ, ಆತಂಕವೆಲ್ಲ ಮಾಯ. ಕೆಳಗಿನವರು ಆ ಮೂರು ಸ್ವರಗಳನ್ನು ಅವಸರದಲ್ಲಿ ನುಂಗಿದರೆ ಲಯ ಮುಂದಕ್ಕೆ ಜಾರುತ್ತದೆ, ಮೇಲಿನವರು ಹಿಂದೆ ಬೀಳುತ್ತಾರೆ. ಬಿಲ್ಲು ಕಡಿಮೆ ಎಳೆದು, ಎಲ್ಲರೂ ಬಾಸ್ ಕಡೆ ಕಿವಿಯಿಟ್ಟು ನುಡಿಸುವುದೊಂದೇ ದಾರಿ. 16ನೇ ಬಾರ್‌ನಲ್ಲಿ (ಬಾರ್ ಅಂದರೆ ನಮ್ಮ ತಾಳದ ಆವರ್ತದಂಥ ಅಳತೆ) ಇಡೀ ವೃಂದ ಸಿಡಿಯುವವರೆಗೂ ದನಿ ಏರಿಸಬಾರದು. 77ನೇ ಬಾರ್‌ಗೆ ಪಿಯಾನೋ ಒಳಗೆ ಬರುವುದು ಅಲ್ಲಿವರೆಗೂ ಯಾರೂ ನುಡಿಸಿರದ ರಾಗದೊಂದಿಗೆ, ಒಂಟಿಯಾಗಿ. ಅಲ್ಲಿ ಗಟ್ಟಿಯಾಗಿ ನುಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಎರಡನೆಯ ಭಾಗವಾದ ರೊಮಾನ್ಸ್‌ನ ಗತಿಗೂ ಲಿಯೋಪೋಲ್ಡನೇ ದಾರಿ ತೋರಿಸಿದ್ದಾನೆ. ನಡುವೆ ಬರುವ ಜಿ ಮೈನರ್ ಭಾಗದ ವೇಗದ ತ್ರಿವಳಿ ಸ್ವರಗಳನ್ನು ಯಾವ ಗತಿಯಲ್ಲಿ ನುಡಿಸಬಲ್ಲೆಯೋ ಅದೇ ಗತಿಯಲ್ಲಿ ಮೊದಲಿಂದ ಹಿಡಿ ಎಂದು 1786ರಲ್ಲಿ ಮಗಳಿಗೆ ಬರೆದ. ಇವತ್ತಿಗೂ ಬಹಳ ಜನ ಮಾಡುವುದು ಇದರ ಉಲ್ಟಾ: ಶುರುವಿನಲ್ಲಿ ಎಳೆದೆಳೆದು, ನಡುವೆ ಓಡಿ, ಮತ್ತೆ ಬ್ರೇಕ್ ಹಾಕುತ್ತಾರೆ.

ಕಡೆನ್ಸಾ ಅಂದರೆ ವೃಂದ ಸುಮ್ಮನಾಗಿ ಪಿಯಾನೋ ಒಂಟಿಯಾಗಿ ನುಡಿಸುವ ಜಾಗ; ಇವಕ್ಕೆ ಮೊಜಾರ್ಟ್ ಬರೆದದ್ದು ಯಾವುದೂ ಉಳಿದಿಲ್ಲ. ಬೀಥೋವನ್ ಬರೆದದ್ದನ್ನೇ ಹೆಚ್ಚಿನವರು ನುಡಿಸುತ್ತಾರೆ. ಅದರ ಕೊನೆ ಹೇಗೆ ಎಂಬುದು ರಿಹರ್ಸಲ್‌ನಲ್ಲೇ ತೀರ್ಮಾನವಾಗದಿದ್ದರೆ ವೃಂದ ಚೂರುಚೂರಾಗಿ ಒಳಗೆ ಬರುತ್ತದೆ.

ಕೊನೆಯ ರೊಂಡೊ ಮುಗಿಯುವುದು ಡಿ ಮೇಜರ್‌ನಲ್ಲಿ. ಅಲ್ಲಿ ಗಾಳಿವಾದ್ಯಗಳು ರಾಗ ಹಿಡಿಯುತ್ತವೆ, ಹಾರ್ನ್ ಮತ್ತು ಟ್ರಂಪೆಟ್ ಪುಟ್ಟದೊಂದು ಉತ್ತರ ಕೊಡುತ್ತವೆ. 14 ಪಿಟೀಲುಗಳ ಸದ್ದಿನಲ್ಲಿ ಈ ಉತ್ತರಕ್ಕೆ ಜಾಗವೇ ಇರುವುದಿಲ್ಲ.