ಒಡ್ಡು ಒಡೆದರೆ ಉಪ್ಪು ಜವುಗು ಮರಳೀತೇ? ಪರ-ವಿರೋಧ

ಪರ

ಸಮುದ್ರದ ಮಟ್ಟ ಏರಿದಂತೆ ಉಪ್ಪು ಜವುಗು, ಅಂದರೆ ಭರತದ ನೀರು ಬಂದು ಹೋಗುವ, ಉಪ್ಪು ತಾಳುವ ಗಿಡಗಳ ಕರಾವಳಿ ಜೌಗು, ನೆಲದ ಕಡೆಗೆ ಸರಿದು ಬದುಕುತ್ತದೆ. ಬೆನ್ನಿಗೇ ಒಡ್ಡು ಕಟ್ಟಿದ್ದರೆ ಸರಿಯಲು ಜಾಗವೆಲ್ಲಿ? ಅತ್ತ ಅಲೆ ಕೊರೆಯುತ್ತದೆ, ಇತ್ತ ಗೋಡೆ ತಡೆಯುತ್ತದೆ. ಒಡ್ಡಿಗೆ ಬಾಯಿ ತೆಗೆದು ಭರತದ ನೀರನ್ನು ಒಳಗೆ ಬಿಡುವುದೇ ದಾರಿ. ಇಂಗ್ಲೆಂಡಿನ ಟಾಲ್ಸ್‌ಬರಿಯಲ್ಲಿ 1995ರಲ್ಲಿ 21 ಹೆಕ್ಟೇರಿಗೆ ಹೀಗೆ ಕಡಲನ್ನು ಬಿಟ್ಟುಕೊಂಡರು. ಹೂಳು ಕೂತಿತು, ಉಪ್ಪು ತಾಳುವ ಸ್ಯಾಲಿಕಾರ್ನಿಯಾ ಗಿಡ ತಾನಾಗಿ ಬಂದು ಬೇರೂರಿತು.

ಮೊದಲು ನೆಲದ ಎತ್ತರ ಅಳೆಯಬೇಕು. ಅಷ್ಟಮಿಯ ಸಣ್ಣ ಭರತ ಮುಟ್ಟುವ ಮಟ್ಟಕ್ಕಿಂತ ಮೇಲೆ, ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಭರತದ ಮಟ್ಟಕ್ಕಿಂತ ಕೆಳಗೆ ಇದ್ದರೆ ಗಿಡ ಹಿಡಿಯುತ್ತದೆ. ಇನ್ನೂ ತಗ್ಗಾದರೆ ಬರೀ ಕೆಸರುಬಯಲು. ಆಮೇಲೆ ಹಿಂದೆ ಹೊಸ ಒಡ್ಡು, ಒಳಗೆ ಕವಲು ಕಾಲುವೆ, ಕೊನೆಗೆ ಇಳಿತ ನೋಡಿಕೊಂಡು ಹಳೆಯ ಒಡ್ಡಿಗೆ ಬಾಯಿ. ಬಾಯಿ ಕಿರಿದಾದರೆ ಸೆಳೆತಕ್ಕೆ ಅಂಚು ಕುಸಿಯುತ್ತದೆ. ಗಿಡ ದಟ್ಟವಾದ ಮೇಲೆ ಅಲೆಯ ಬಲ ಮೊದಲ 40-50 ಮೀಟರಿನಲ್ಲೇ ಸಾಕಷ್ಟು ತಗ್ಗುತ್ತದೆ. ಹಿಂದಿನ ಒಡ್ಡಿನ ಹೊರೆ ಅಷ್ಟರಮಟ್ಟಿಗೆ ಹಗುರ.

ವಿರೋಧ

ಒಡ್ಡು ಒಡೆಯುವುದಕ್ಕಲ್ಲ ನಮ್ಮ ತಕರಾರು. ಅಳಿವೆಯ ಹಳೆಯ ಜವುಗನ್ನು ಬಂದರಿಗೆ ಕೊಟ್ಟು, ಬದಲಿಗೆ ಇನ್ನೆಲ್ಲೋ ಒಂದು ಮಾಡಿಕೊಡುತ್ತೇವೆ ಎನ್ನುವ ವ್ಯವಹಾರಕ್ಕೆ.

ದಶಕಗಟ್ಟಲೆ ಒಣಗಿ, ಉಳುಮೆಯ ಯಂತ್ರ ಓಡಾಡಿದ ನೆಲ ಕುಗ್ಗಿ ಗಟ್ಟಿಯಾಗಿರುತ್ತದೆ. ಹೊಸ ಹೂಳು ಅದರ ಮೇಲೆ ಕೂತಾಗ ನೀರು ಕೆಳಗೆ ಬಸಿಯುವುದಿಲ್ಲ. ಅಲ್ಲೊಂದು ಗುದ್ದಲಿ ಹಾಕಿ ನೋಡಿ: ಮೇಲೆ ಕಂದು ತೆಳು ಪದರ, ಅದರಡಿ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಗಾಳಿಯಾಡದ ಮಣ್ಣಿನಲ್ಲಿ ಹುಟ್ಟಿದ ಸಲ್ಫೈಡ್ ಅದು. ಸ್ಯಾಲಿಕಾರ್ನಿಯಾ ಸಹಿಸಿಕೊಂಡೀತು, ಬಸಿದ ಕಾಲುವೆದಂಡೆ ಬೇಡುವ ಗಿಡಗಳು ಸಹಿಸವು. ಹಸಿರು ಕಂಡಿತೆಂದ ಮಾತ್ರಕ್ಕೆ ಹಳೆಯ ಜವುಗಿನ ಸಸ್ಯಸಮೂಹ ಮರಳಿದಂತಲ್ಲ.

ಅಳತೆಯಲ್ಲೂ ಎಡವುತ್ತಾರೆ. ಫೆಲ್ಡ್‌ಸ್ಪಾರ್ ಎಂಬ ಖನಿಜದ ಬಿಳಿ ಪುಡಿ ಹರಡಿ ಅದರ ಮೇಲೆ ಕೂತ ಹೂಳನ್ನಷ್ಟೇ ಅಳೆದರೆ ನೆಲ ಏರಿದಂತೆ ಕಾಣುತ್ತದೆ. ಅಡಿಯ ಪದರ ಕುಸಿಯುತ್ತಿದ್ದರೆ? ಅದಕ್ಕೇ ಆಳಕ್ಕೆ, ಇನ್ನು ಇಳಿಯದು ಎನ್ನುವವರೆಗೆ ಸ್ಟೀಲ್ ಸರಳು ಹೊಡೆದು, ಅದರ ತಲೆಗೆ ಅಡ್ಡತೋಳು ಕೂರಿಸಿ, 9 ಕಡ್ಡಿ ನೆಲ ಮುಟ್ಟುವಂತೆ ಇಳಿಬಿಟ್ಟು, ತೋಳನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನೆಲದ ಎತ್ತರ ಅಳೆಯಬೇಕು. 5 ಮಿ.ಮೀ. ಹೂಳು ಕೂತು ಸರಳಿನ ಲೆಕ್ಕದಲ್ಲಿ ನೆಲ 2 ಮಿ.ಮೀ. ಮಾತ್ರ ಏರಿದ್ದರೆ, ಉಳಿದ 3 ಕುಸಿತಕ್ಕೆ ಹೋಯಿತು. ಹಲಗೆ ಹಾಕದೆ ನಿಂತರೆ ಅಳೆಯುವವರ ಭಾರಕ್ಕೇ ಕೆಸರು ತಗ್ಗಿ ಎಲ್ಲ ಕೆಡುತ್ತದೆ. ಭರತದ ಎತ್ತರವೂ 18.6 ವರ್ಷದ ಚಂದ್ರಚಕ್ರಕ್ಕೆ ತಕ್ಕಂತೆ ಏರಿಳಿಯುವಾಗ, ಮೂರು ವರ್ಷದ ಅಂಕಿ ತೋರಿಸಿ ಹಳೆಯ ಜವುಗಿಗೆ ಬುಲ್ಡೋಜರ್ ಬಿಡುವುದನ್ನು ಒಪ್ಪಲಾಗದು.