ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಬೇಡಿ, ದಯವಿಟ್ಟು

ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಮನೆಗೆ ಒಂಬತ್ತು ವರ್ಷ ಬೀಗ ಬಿದ್ದಿತ್ತು. ಹೋದ ವರ್ಷ ಜನವರಿಯಲ್ಲಿ ಬಾಗಿಲು ತೆಗೆದರೆ ಅಡುಗೆಮನೆ ಮಾಡಿನಲ್ಲಿ ಆಕಾಶ ಕಾಣುತ್ತಿತ್ತು, ಅಟ್ಟದ ತುಂಬ ಬಾವಲಿ, ಜಗಲಿಯ ಒಂದು ಮುಂಡಿಗೆಗೆ (ಮರದ ಕಂಬಕ್ಕೆ) ಒರಲೆ, ಅಂದರೆ ಗೆದ್ದಲು, ಹತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ. ಕೆಡವಿ ಆರ್‌ಸಿಸಿ ಹಾಕಿಸಿ, ಕಂಬ ಬಾಗಿಲು ಮಾರಿದರೆ ಒಳ್ಳೇ ದುಡ್ಡು ಬರುತ್ತೆ. ಆದರೆ ನಮ್ಮ ಮಲೆನಾಡಿನ ಮಳೆಗೆ ಆರ್‌ಸಿಸಿ ಮನೆ ಕಟ್ಟಿದವರೂ ಆಮೇಲೆ ಅದರ ಮೇಲೊಂದು ಶೀಟಿನ ಮಾಡು ಹೊದೆಸುವುದನ್ನು ನಾವು ದಿನಾ ನೋಡುತ್ತೇವೆ ಅಲ್ವಾ?

ನಾನು ಕೆಡವಲಿಲ್ಲ. ಶನಿವಾರ ಭಾನುವಾರ ಹೋಗಿ ನಾನೇ ಕೆಲಸ ಶುರು ಮಾಡಿದೆ.

ಮೊದಲು ಮಾಡಿನ ಕೆಲಸ, ಅಂದರೆ ಸೂರು. ಗೋಡೆ, ನೆಲ, ಬಣ್ಣ ಎಲ್ಲ ಆಮೇಲೆ. ಮಂಗಳೂರು ಹೆಂಚಿನ ಗುಣವೇ ಅದು, ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತೆ, ಒಡೆದದ್ದನ್ನು ಮಾತ್ರ ತೆಗೆದು ಬೇರೆ ಸಿಕ್ಕಿಸಬಹುದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಕಾಲದಿಂದ ಇವತ್ತಿನವರೆಗೂ ಆ ವಿದ್ಯೆ ನಡೆದುಬಂದಿದೆ. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಿದ್ದರೆ ನಮ್ಮ ಮನೆಗೆ ಆ ಗತಿ ಬರುತ್ತಿರಲಿಲ್ಲ. ಹೆಂಚು ಕೂರುವ ರೀಪು ಕೊಳೆತ ಕಡೆ ಬದಲಿಸಿದೆ, ಉಳಿದ ಮರಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ ಹಚ್ಚಿದೆ. ಕೈಗೆ ಗ್ಲೌಸ್ ಇಲ್ಲದೆ ಗೇರೆಣ್ಣೆ ಮುಟ್ಟಬೇಡಿ, ಚರ್ಮ ಸುಟ್ಟುಹೋಗುತ್ತೆ.

ನಿಜವಾದ ಪಾಠ ಕಲಿತದ್ದು ಅಡುಗೆಮನೆ ಗೋಡೆಯಲ್ಲಿ. ಯಾವಾಗಲೋ ಗೋಡೆ ಉದುರುತ್ತಿದೆ ಅಂತ ಕೆಳಗಿನ ಮೂರಡಿಗೆ ಸಿಮೆಂಟ್ ಸಾರಣೆ ಮಾಡಿಸಿದ್ದರು. ನೋಡೋಕೆ ಗಟ್ಟಿ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಡಬ್ ಡಬ್ ಅಂತ ಟೊಳ್ಳು ಸದ್ದು. ಉಳಿ ಇಟ್ಟು ಮೀಟಿದೆ, ತಟ್ಟೆಯಗಲದ ಚಕ್ಕೆ ಎದ್ದು ಬಂತು. ಹಿಂದಿನ ಮಣ್ಣು ಜನವರಿಯ ಒಣ ಹವೆಯಲ್ಲೂ ಒದ್ದೆ, ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ನೆಲದಿಂದ ಏರಿದ ತೇವ ಆವಿಯಾಗಿ ಆಚೆ ಹೋಗೋಕೆ ದಾರಿಯೇ ಇರಲಿಲ್ಲ, ವರ್ಷಗಟ್ಟಲೆ ಅಲ್ಲೇ ಕೂತು ಗೋಡೆಯನ್ನು ಒಳಗಿಂದ ತಿಂದಿತ್ತು. ನನಗೆ ಅವತ್ತು ಅಳು ಬಂತು.

ಸಹಾಯಕ್ಕೆ ಬಂದಿದ್ದ ಹಿರಿಯರೊಬ್ಬರು ಅಂದರು, "ಮಣ್ಣಿಗೆ ಮಣ್ಣೇ ಆಗಬೇಕು ಮಾರಾಯ್ರೆ." ಸಿಮೆಂಟ್ ಪೂರ್ತಿ ಕಿತ್ತು ಗೋಡೆಯನ್ನು ಎರಡು ತಿಂಗಳು ಸುಮ್ನೆ ಗಾಳಿಗೆ ಬಿಟ್ಟೆವು. ಹೊರಗೆ ಪಂಚಾಂಗ (ಗೋಡೆಯ ಕೆಳಗಿನ ಅಡಿಪಾಯದ ಕಟ್ಟು) ಮುಚ್ಚುವಷ್ಟು ಮಣ್ಣು ಕೂತಿತ್ತು, ಅದನ್ನು ಅಗೆದು ನೀರು ಹರಿಯೋಕೆ ಚರಂಡಿ ತೆಗೆದೆವು. ಆಮೇಲೆ ಕೆಮ್ಮಣ್ಣು ಜರಡಿ ಹಿಡಿದು, ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ, ಒಂದು ವಾರ ನೆನೆಸಿ, ಕಾಲಲ್ಲಿ ತುಳಿದು ಮೆತ್ತಿದೆವು. ಅದು ಒಣಗಿದ ಮೇಲೆ ಸುಣ್ಣ. ಪೇಂಟ್ ಅಂಗಡಿಯವರು ಪ್ಲಾಸ್ಟಿಕ್ ಎಮಲ್ಷನ್ ಹಚ್ಚಿ ಅಂದರು, ಅದೂ ಗೋಡೆಯ ಉಸಿರು ಕಟ್ಟುತ್ತೆ, ಬೇಡ ಅಂದೆ.

ಸಿಮೆಂಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಮನೆಗೆ ಅದು ಸರಿ. ಆದರೆ ನಿಮ್ಮ ಊರಿನ ಹಳೇ ಮನೆಗೆ ಯಾರಾದರೂ "ಒಂದು ಕೋಟ್ ಸಿಮೆಂಟ್ ಹೊಡೆದರೆ ಆಯ್ತು" ಅಂದರೆ ಒಪ್ಪಬೇಡಿ.

ಹೋದ ಜುಲೈನಲ್ಲಿ ಮೂರು ವಾರ ಬಿಡದೆ ಮಳೆ ಹೊಯ್ದಾಗ ಹೋಗಿ ಆ ಗೋಡೆಗೆ ಅಂಗೈ ಒತ್ತಿ ನೋಡಿದೆ. ಬುಡದಲ್ಲಿ ನಾಲ್ಕು ಬೆರಳಷ್ಟು ತಣ್ಣಗಿತ್ತು, ಮೇಲೆ ಒಣಗಿತ್ತು. ಚೌತಿಗೆ ಹೋದಾಗ ಬುಡವೂ ತಾನಾಗೇ ಒಣಗಿತ್ತು.