ದಿನಕ್ಕೆ 90 ಸಾವಿರ ಮಾತ್ರೆ ನುಂಗಿದ ಹಳ್ಳ

ಹಲ್ಲು ಕೀವಾಗಿ ಡಾಕ್ಟರು ಬರೆದುಕೊಟ್ಟ ಮಾತ್ರೆ ತರಲು ಹೋಗಿದ್ದೆ. ಮೆಡಿಕಲ್ ಶಾಪಿನಲ್ಲಿ ಪೋಸ್ಟರ್ ಅಂಟಿಸಿದ್ದರು, ಆಂಟಿಬಯಾಟಿಕ್ ಕೋರ್ಸ್ ಅರ್ಧಕ್ಕೆ ನಿಲ್ಲಿಸಬೇಡಿ ಅಂತ. ತಕರಾರಿಲ್ಲ, ನಿಜವಾಗಿಯೂ ನಿಲ್ಲಿಸಬೇಡಿ. ಆದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತಿರುವುದಕ್ಕೆ ಬೈಗುಳವೆಲ್ಲ ಮಾತ್ರೆ ನುಂಗುವವನಿಗೇ ಯಾಕೆ?

ಹೈದರಾಬಾದ್ ಪಕ್ಕದ ಪಟಾನ್‌ಚೆರು ಕಥೆ ಕೇಳಿ. ಅಲ್ಲಿ ಸುಮಾರು 90 ಔಷಧಿ ಕಾರ್ಖಾನೆಗಳ ಕೊಳಚೆಯನ್ನು ಒಂದೇ ಘಟಕದಲ್ಲಿ ಶುದ್ಧ ಮಾಡುತ್ತಿದ್ದರು. ಹಾಗೆ 'ಶುದ್ಧ'ವಾಗಿ ಹೊರಬಂದ ನೀರನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್! ಆ ಮಾತ್ರೆ ನುಂಗಿದವರ ರಕ್ತದಲ್ಲೂ ಅಷ್ಟಿರುವುದಿಲ್ಲ. ಅವರ ಅಂದಾಜಿನಲ್ಲಿ ದಿನಕ್ಕೆ ಸುಮಾರು 45 ಕೆಜಿ ಪಕ್ಕದ ಹಳ್ಳಕ್ಕೆ ಹರಿದು ಹೋಗುತ್ತಿತ್ತು, ಇಡೀ ಸ್ವೀಡನ್ ಐದು ದಿನ ಬಳಸುವಷ್ಟು. 500 ಮಿಲಿಗ್ರಾಂ ಮಾತ್ರೆಯ ಲೆಕ್ಕದಲ್ಲಿ 90 ಸಾವಿರ ಮಾತ್ರೆ. ಇದು ಒಂದೇ ಒಂದು ಔಷಧಿಯ ಲೆಕ್ಕ. ಆ ಹಳ್ಳದ ನೀರು ಕೊನೆಗೆ ಸೇರುವುದು ನಮ್ಮ ಬೀದರ್ ದಾಟಿ ಹೋಗುವ ಮಾಂಜ್ರಾ ನದಿಯನ್ನು. ನಮಗಿಂತ ಕೆಳಗೆ ಸೇರುತ್ತದೆ, ಹಾಗಂತ ನೆಮ್ಮದಿಪಡುವ ಹಾಗಿಲ್ಲ.

ಯಾಕಂದ್ರೆ ಬ್ಯಾಕ್ಟೀರಿಯಾಕ್ಕೆ ಮೇಲೆ ಕೆಳಗೆ ಅಂತಿಲ್ಲ. ಅಂಥ ನೀರಿನಲ್ಲಿ ದುರ್ಬಲವಾದವು ಸಾಯುತ್ತವೆ, ಔಷಧಿ ತಡೆದುಕೊಂಡವು ಉಳಿದು ಬೆಳೆಯುತ್ತವೆ. ಅಷ್ಟೇ ಅಲ್ಲ, ತಡೆದುಕೊಳ್ಳುವ ಆ ಜೀನನ್ನು ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೊಟ್ಟ ಹಾಗೆ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಕೊಡುತ್ತವೆ. ಮುಂದೆ ಅವು ಮನುಷ್ಯರ, ದನಗಳ ಹೊಟ್ಟೆಯಲ್ಲಿ ಕೂತು ಊರೂರು ತಿರುಗುತ್ತವೆ. ಔಷಧಿಗೆ ಬಗ್ಗದ ಸೋಂಕಿನಿಂದಲೇ 2019ರಲ್ಲಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಅಂದಾಜಿದೆ. ಇದರಲ್ಲಿ ಕಾರ್ಖಾನೆಯ ಪಾಲೆಷ್ಟು, ನಮ್ಮ ಪಾಲೆಷ್ಟು ಅಂತ ಗೆರೆ ಎಳೆಯಲು ಆಗುವುದಿಲ್ಲ, ಒಪ್ಪುತ್ತೇನೆ.

ನನ್ನ ಹೊಟ್ಟೆ ಉರಿಸುವ ವಿಷಯ ಇನ್ನೊಂದಿದೆ. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಕರಡು ತಂದಿತು. ಕಾರ್ಖಾನೆ ಬಿಡುವ ನೀರಿನಲ್ಲಿ ಯಾವ ಆಂಟಿಬಯಾಟಿಕ್ ಎಷ್ಟಿರಬಹುದು ಎಂಬ ಮಿತಿ ಅದರಲ್ಲಿತ್ತು. 2021ರ ಆಗಸ್ಟಿನಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಯೇ ಮಾಯ! ಮಿತಿಯೇ ಇಲ್ಲದ ಮೇಲೆ ಮೀರಿದರು ಅಂತ ಯಾರ ಮೇಲೆ ಕೇಸ್ ಹಾಕ್ತೀರಿ?

ಅಗ್ಗದ ಔಷಧಿ ಬೇಡ ಅಂತ ನಾನು ಹೇಳುತ್ತಿಲ್ಲ, ನಾನೂ ಅದನ್ನೇ ನುಂಗಿ ಬದುಕಿದವನು. ಆದರೆ ಕೊಳಚೆ ಶುದ್ಧ ಮಾಡುವ ಖರ್ಚು ಉಳಿಸಿದ್ದಕ್ಕೆ ಅದು ಅಗ್ಗವಾಗಿದ್ದರೆ, ಉಳಿದ ದುಡ್ಡನ್ನು ಇನ್ಯಾರೋ ಆಸ್ಪತ್ರೆಯಲ್ಲಿ ಕಟ್ಟುತ್ತಿರುತ್ತಾರೆ ಅಲ್ವಾ?

ಇದೆಲ್ಲ ಅಂಗಡಿಯ ಹುಡುಗನಿಗೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಸಾರ್, ಐದು ದಿನದ್ದೂ ಕೊಡ್ಲಾ?" ಅಂದ. ಕೊಡಪ್ಪಾ ಅಂದೆ.